ಒಂಬತ್ತು ಸೆಂಟಿಮೀಟರು

“ಐವತ್ತೈದು,” ಅಂದೆ. 

ತೂಕದ ಮೆಷಿನ್ನಿನ ಕಡ್ಡಿ ಎರಡು ಸಲ ಓಲಾಡಿ ನಿಂತಿತ್ತು. ನನಗೆ ನಂಬಿಕೆಯಾಗಲಿಲ್ಲ. ಕಡ್ಡಿಯ ಮೇಲೆ ಜಾರುವ ಗುಂಡನ್ನು ಬೆರಳಿನಿಂದ ಅರ್ಧ ಕಿಲೋ ಮುಂದಕ್ಕೆ ತಳ್ಳಿದೆ, ಕಡ್ಡಿ ದೊಪ್ಪನೆ ಬಿತ್ತು. ಹಿಂದಕ್ಕೆ ತಂದೆ, ನೆಟ್ಟಗೆ ನಿಂತಿತು. ಈ ಮೆಷಿನ್ನಿನಷ್ಟು ಕಲ್ಲು ಮನಸ್ಸಿನದನ್ನು ನಾನು ಕಂಡಿಲ್ಲ.

ಮೆಷಿನ್ನಿನ ಹಲಗೆಯ ಮೇಲೆ ನಿಂತಿದ್ದ ಚಂದ್ರಾಮ ಮಾತ್ರ, ತನಗೂ ಇದಕ್ಕೂ ಏನೂ ಸಂಬಂಧವಿಲ್ಲ ಅನ್ನುವ ಹಾಗೆ ಶೆಡ್ಡಿನ ತಗಡು ನೋಡುತ್ತಿದ್ದ. ತಲೆಯ ಮೇಲೆ ದೊಡ್ಡ ಬಿಳಿ ರುಮಾಲು. ಅದರ ಕೆಳಗೆ ಕಪ್ಪು ಕಣ್ಣು. ಕಣ್ಣಿನ ಮೂಲೆಯಲ್ಲಿ, ನಾನು ನೋಡಲಿ ಅಂತಲೇ ಇಟ್ಟುಕೊಂಡ ಹಾಗೆ, ಒಂದು ಸಣ್ಣ ನಗು.

“ಹೋದ ಸಲ ಐವತ್ತೈದೂವರೆ ಇತ್ತು.”

“ಇದ್ದೀತ್ರಿ.”

“ಅದರ ಹಿಂದಿನ ಸಲ ಐವತ್ತಾರು.”

“ನಿಮಗ ಎಲ್ಲಾ ನೆನಪ ಇರ್ತೈತಲ್ರಿ, ಬಾಯಾರ.”

“ನಗಬೇಡಿ! ಬೆಳಿಗ್ಗೆ ಏನು ತಿಂದ್ರಿ?”

ಅವನು ಹಲಗೆಯಿಂದ ಇಳಿದು, ನನ್ನ ಮೇಜಿನ ಮುಂದಿನ ಸ್ಟೂಲಿನ ಮೇಲೆ ಆರಾಮಾಗಿ ಕೂತ. ಲೋಕಲ್ ಟ್ರೈನಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕವನ ಹಾಗೆ. “ಬರಕೋರಿ,” ಅಂದ. “ಮುಂಜಾನೆ ಒಂದು ಕಪ್ಪು ಚಾ. ಆಮ್ಯಾಲ...” ಕಣ್ಣು ಮುಚ್ಚಿ ಯೋಚಿಸಿದ. “ಆಮ್ಯಾಲ ಇನ್ನೊಂದು ಕಪ್ಪು ಚಾ.”

ಮೈಯೆಲ್ಲ ಉರಿಯಿತು. ಪೆನ್ಸಿಲ್ ತೆಗೆದು ಅವನ ತೂಕದ ಕಾರ್ಡಿನ ಹಿಂಬದಿಯಲ್ಲೇ ಲೆಕ್ಕ ಮಾಡಿದೆ. ಅವನ ಎತ್ತರ ನೂರ ಎಂಬತ್ತು ಸೆಂಟಿಮೀಟರು, ಅಂದರೆ ಒಂದು ಪಾಯಿಂಟ್ ಎಂಟು ಮೀಟರು. ಅದನ್ನು ಅದರಿಂದಲೇ ಗುಣಿಸಿದರೆ ಮೂರು ಪಾಯಿಂಟ್ ಎರಡು ನಾಲ್ಕು. ಐವತ್ತೈದನ್ನು ಅದರಿಂದ ಭಾಗಿಸಿದರೆ ಹದಿನಾರು ಪಾಯಿಂಟ್ ಒಂಬತ್ತು ಎಂಟು. ಎರಡು ಸಲ ಮಾಡಿದೆ. ಎರಡು ಸಲವೂ ಅಷ್ಟೇ ಬಂತು.

ಹದಿನೇಳಕ್ಕೆ ಎಳ್ಳಷ್ಟು ಕಮ್ಮಿ. ಆ ಎಳ್ಳಷ್ಟರಲ್ಲಿ ನನ್ನ ಜೀವ ಹೋಯಿತು.

ಯಾಕೆ ಅಂತ ಹೇಳಿಬಿಡುತ್ತೇನೆ. ನಾನು ಕೌಸಲ್ಯಾ. ಮುಂಬೈಯ ಪರೇಲಿನ ಒಂದು ಸಂಶೋಧನಾ ಆಫೀಸಿನಲ್ಲಿ ಲೆಕ್ಕದ ಕೆಲಸ. ನಮ್ಮ ಡಾಕ್ಟರ್ ಜಯಸಿಂಹ ಅವರು ನಾರಿಮನ್ ಪಾಯಿಂಟಿನಲ್ಲಿ ಏಳುತ್ತಿದ್ದ ಇಪ್ಪತ್ತೆರಡು ಮಹಡಿಯ ಬಿಲ್ಡಿಂಗಿನ ನೂರ ಇಪ್ಪತ್ತಾರು ಕೆಲಸಗಾರರನ್ನು ಆರಿಸಿಕೊಂಡಿದ್ದರು. ಮೂರು ವರ್ಷ, ಮೂರು ತಿಂಗಳಿಗೊಮ್ಮೆ, ಎಲ್ಲರ ತೂಕ ನೋಡಬೇಕು. ಎತ್ತರಕ್ಕೆ ತಕ್ಕ ತೂಕ ಇದೆಯೋ, ಏರುತ್ತದೋ, ಇಳಿಯುತ್ತದೋ ಅಂತ ಗೆರೆ ಎಳೆಯಬೇಕು. ಆ ಲೆಕ್ಕಕ್ಕೆ ಹೋದ ವರ್ಷವಷ್ಟೇ ಅಮೆರಿಕದ ಒಂದು ಜರ್ನಲ್ಲಿನಲ್ಲಿ ‘ಬಾಡಿ ಮಾಸ್ ಇಂಡೆಕ್ಸ್’ ಅಂತ ಹೊಸ ಹೆಸರು ಬಂದಿತ್ತು. ಡಾಕ್ಟರಿಗೆ ಆ ಹೆಸರಿನ ಮೇಲೆ ಹೊಸ ಅಳಿಯನ ಮೇಲಿನಷ್ಟು ಪ್ರೀತಿ.

ಸರಿ, ಅಲ್ಲಿಯವರೆಗೆ ಅದು ಬರೀ ಲೆಕ್ಕ. ಆದರೆ ಹೋದ ತಿಂಗಳು ಹದಿನಾಲ್ಕನೇ ಮಹಡಿಯಲ್ಲಿ ಒಬ್ಬ ತಲೆಸುತ್ತಿ ಬಿದ್ದ. ಕೆಳಗಿನ ಹಲಗೆಗೆ ಸಿಕ್ಕಿಕೊಂಡು ಬದುಕಿದ. ಕಂಪನಿಯವರು ಹೆದರಿ ಡಾಕ್ಟರನ್ನು ಕೇಳಿದರು, ಎತ್ತರಕ್ಕೆ ಯಾರನ್ನು ಹತ್ತಿಸಬಾರದು ಅಂತ. ಡಾಕ್ಟರು ಹದಿನೇಳರ ಮೇಲೆ ಒಂದು ಕೆಂಪು ಗೆರೆ ಎಳೆದರು. ಅದಕ್ಕಿಂತ ಕೆಳಗಿನವರ ಪಟ್ಟಿ ಶನಿವಾರ ಕಂಪನಿಗೆ ಹೋಗಬೇಕು. ಅವರನ್ನು ಆರು ತಿಂಗಳು ಊರಿಗೆ ಕಳಿಸುತ್ತಾರಂತೆ, ಮೈ ಕೂಡಲಿ ಅಂತ.

ಚಂದ್ರಾಮ ಕ್ರೇನ್ ನಡೆಸುವವನು. ಇಂಡಿ ತಾಲೂಕಿನವನು, ಮ್ಯಾಟ್ರಿಕ್ ಪಾಸು, ಬೊರಿವಲಿಯಲ್ಲಿ ಊರಿನ ಆರು ಜನರ ಜೊತೆ ಒಂದು ರೂಮು. ಆರು ತಿಂಗಳು ಹೋದವನ ಕ್ರೇನಿನಲ್ಲಿ ಇನ್ನೊಬ್ಬ ಕೂತಿರುತ್ತಾನೆ. ಊರಿಗೆ ಹೋದವನು ತಿರುಗಿ ಬರುತ್ತಾನೆ ಅಂತ ಯಾವ ನಂಬಿಕೆ?

ಅವತ್ತು ಬುಧವಾರ.

“ನಿಮಗೆ ಏನಾದ್ರೂ ಕಾಯಿಲೆ ಇದೆಯಾ?” ಅಂತ ಕೇಳಿದೆ.

ಅವನು ನನ್ನ ಮುಖ ನೋಡಿದ. ನಗು ಹೋಯಿತು. “ಐತ್ರಿ,” ಅಂದ. “ಆದ್ರ ನಿಮ್ಮ ಕಾರ್ಡಿನ್ಯಾಗ ಅದಕ್ಕ ಜಾಗಾ ಇಲ್ಲ.”

ಎದ್ದು ಹೋಗಿಬಿಟ್ಟ. ನನ್ನ ಪೆನ್ಸಿಲಿನ ಮೊನೆ ಮುರಿಯಿತು.

*

ಶುರುವಾದದ್ದು ಹದಿನೈದು ತಿಂಗಳ ಹಿಂದೆ, ಸರ್ವೆಯ ಮೊದಲ ದಿನ. ನನಗೂ ಸೈಟಿನಲ್ಲಿ ಮೊದಲ ದಿನ.

ಗಂಡಸರ ಸಾಲು. ಬೆವರು, ಸಿಮೆಂಟು, ಬೀಡಿಯ ವಾಸನೆ. ನಾನು ಗಿಣಿಪಾಠ ಒಪ್ಪಿಸುತ್ತಿದ್ದೆ: “ಚಪ್ಪಲಿ ಬಿಚ್ಚಿ, ತಲೆ ಮೇಲಿನದು ತೆಗೀರಿ, ನೆಟ್ಟಗೆ ನಿಲ್ಲಿ.” ಕನ್ನಡದಲ್ಲೊಮ್ಮೆ, ನನ್ನ ಹರಕು ಹಿಂದಿಯಲ್ಲೊಮ್ಮೆ. ಟೋಪಿ, ಟವೆಲು, ಪೇಟ, ಎಲ್ಲ ತೆಗೆದರು. ಮೆಷಿನ್ನಿಗೇ ಜೋಡಿಸಿದ ಎತ್ತರದ ಕೋಲನ್ನು ತಲೆಗೆ ಮುಟ್ಟಿಸಿ, ನಂಬರು ಓದಿ, ಬರೆದೆ.

ಆಮೇಲೆ ಇವನು ಬಂದ. ಊರಿನಲ್ಲಿ ತಂಗಿಯ ಮದುವೆ ಮುಗಿಸಿ, ಸ್ಟೇಷನ್ನಿನಿಂದ ನೇರ ಬಂದಿದ್ದ. ಹಣೆಯಲ್ಲಿ ಒಣಗಿದ ವಿಭೂತಿ, ತಲೆಯಲ್ಲಿ ಮದುವೆಯ ರುಮಾಲು. “ಚಪ್ಪಲಿ ಬಿಚ್ಚಿ” ಅಂದೆ. ಬಿಚ್ಚಿ ಹಲಗೆ ಹತ್ತಿ ನನ್ನನ್ನು ನೋಡಿದ. ಸುಮ್ಮನೆ ನೋಡಿದ ಅಷ್ಟೇ. ಅಪ್ಪಟ ಕನ್ನಡ ಕೇಳಿ ಖುಷಿಯಾಯಿತು ಅಂತ ಆಮೇಲೆ ಹೇಳಿದ.  ಉಳಿದ ಮಾತು ಗಂಟಲಲ್ಲೇ ಉಳಿಯಿತು. ಕೋಲು ಇಳಿಸಿದೆ, ನಂಬರು ಓದಿದೆ.

“ನೂರ ಎಂಬತ್ತು! ಪರವಾಗಿಲ್ವೇ, ಚೆನ್ನಾಗಿ ಎತ್ತರ ಇದ್ದೀರಿ,” ಅಂದುಬಿಟ್ಟೆ.

ಯಾಕೆ ಅಂದೆ ಅಂದರೆ, ಎತ್ತರ ನನ್ನ ಮನೆಯ ದೊಡ್ಡ ತಲೆನೋವು. ನಾನು ಐದು ಅಡಿ ಏಳು ಇಂಚು. ಮಾಟುಂಗದ ನಮ್ಮ ಬಿಲ್ಡಿಂಗಿನಲ್ಲಿ ನನಗಿಂತ ಎತ್ತರ ನೀರಿನ ಟ್ಯಾಂಕು ಒಂದೇ ಅಂತ ಅಣ್ಣ ನಾಣಿ ರೇಗಿಸುತ್ತಾನೆ. ಗಂಡು ನೋಡುವವರಿಗೆ ಅಮ್ಮ ಬರೆಯುವ ಪ್ರತಿ ಕಾಗದದಲ್ಲೂ ನಾನು ಎರಡು ಇಂಚು ಕುಗ್ಗುತ್ತೇನೆ. “ಐದು ಅಡಿ ಐದು ಅಂತ ಬರೆದಿದ್ದೀನಿ. ಅವರು ಬಂದಾಗ ಕೂತೇ ಇರು, ಏಳಬೇಡ,” ಅಂತ ಅಮ್ಮ.

ಅವತ್ತಿನಿಂದ ಮೂರು ತಿಂಗಳಿಗೊಮ್ಮೆ ಚಂದ್ರಾಮ ಬಂದ. ದೊಡ್ಡವರ ಎತ್ತರವನ್ನು ಮತ್ತೆ ಅಳೆಯುವುದಿಲ್ಲ, ತೂಕ ಮಾತ್ರ. ಇಂಡೆಕ್ಸು ಸರಿ ಇದ್ದವರಿಗೆ “ಆಯ್ತು, ಹೋಗಿ” ಅನ್ನುತ್ತಿದ್ದೆ. ಹದಿನೆಂಟಕ್ಕಿಂತ ಕೆಳಗಿದ್ದವರನ್ನು ಕೂರಿಸಿ ಎರಡು ಪುಟದ ಪ್ರಶ್ನೆ ಕೇಳಬೇಕು. ಬೆಳಿಗ್ಗೆ ಏನು ತಿಂದಿರಿ, ಮಧ್ಯಾಹ್ನ ಏನು, ಯಾರು ಅಡುಗೆ ಮಾಡುತ್ತಾರೆ, ನಿದ್ದೆ ಬರುತ್ತದೆಯೇ. ಮೊದಲ ದಿನವೇ ಅವನ ಇಂಡೆಕ್ಸು ಹದಿನೇಳು ಪಾಯಿಂಟ್ ಒಂಬತ್ತು. ಪ್ರತಿ ಸಲವೂ ಕೂತ. ಪ್ರತಿ ಸಲವೂ ಪ್ರಶ್ನೆ ಹತ್ತು ನಿಮಿಷದ್ದು, ನಾವು ತೆಗೆದುಕೊಂಡದ್ದು ಅರ್ಧ ಗಂಟೆ.

“ಯಾರು ಅಡುಗೆ ಮಾಡ್ತಾರೆ?”

“ಯಾರೂ ಇಲ್ರಿ. ಹುಡುಕಾಕತ್ತೀನ್ರಿ.”

“ಅದನ್ನೇ ಬರೀಲಾ?”

“ಬರೀರಿ. ಹುಡುಕೂದು ಮುಗೀತು ಅಂತನೂ ಬರೀರಿ.”

ಹೀಗೆ. ನಾನು ತಲೆ ತಗ್ಗಿಸಿ ಬರೆದ ಹಾಗೆ ಮಾಡುತ್ತಿದ್ದೆ. ಕಾರ್ಡಿನ ಮೇಲೆ ಅವನ ನೆರಳು ಬಿದ್ದಿರುತ್ತಿತ್ತು. ಮುಂದಿನ ಮೂರು ತಿಂಗಳು ನನ್ನ ಆಫೀಸು, ಮನೆ, ಲೋಕಲ್ಲು ಎಲ್ಲ ಒಂದು ದೊಡ್ಡ ಕಾಯುವಿಕೆ. ಬೇರೆಯವರ ಗೆರೆ ಒಂದಿಷ್ಟು ಏರಿ ಇಳಿಯುತ್ತಿತ್ತು. ಇವನದು ಮಾತ್ರ ಒಂದೇ ಸಮನೆ ಇಳಿಯುತ್ತಿತ್ತು. ನನಗೆ ಅದು ಗೊತ್ತಿತ್ತು, ಆದರೂ ಹೊಟ್ಟೆಯೊಳಗೆಲ್ಲೋ ಖುಷಿಯಿತ್ತು. ಇಳಿದರೆ ತಾನೇ ಮತ್ತೆ ಕೂರಿಸಿಕೊಂಡು ಕೇಳುವುದು? ಎಂಥ ಪಾಪಿ ನಾನು.

*

ಗುರುವಾರ ಆಫೀಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಹಿಡಿ ತಿರುಗಿಸುವ ಲೆಕ್ಕದ ಮೆಷಿನ್ನಿನಲ್ಲಿ ಅದೇ ಭಾಗಾಕಾರವನ್ನು ಏಳು ಸಲ ಮಾಡಿದೆ. ಪಕ್ಕದ ಮೇಜಿನ ಪ್ರಫುಲ್ಲಾ ಕೇಳಿಯೇಬಿಟ್ಟಳು, “ಅದರ ಹಿಡಿ ಕಿತ್ತು ಮನೆಗೆ ಒಯ್ಯೋ ಯೋಚನೆ ಇದೆಯೇನೇ?”

ಡಾಕ್ಟರ್ ಜಯಸಿಂಹ ಗ್ರಾಫ್ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದರು. ಚಂದ್ರಾಮನದಕ್ಕೆ ಬಂದು ನಿಂತರು.

“ಇದು ಬರೀ ತೆಳ್ಳಗಿರೋದಲ್ಲ ಕೌಸಲ್ಯಾ. ಸ್ಟೆಡಿಯಾಗಿ ಇಳೀತಿದೆ. ಒಳಗೆ ಏನೋ ಇದೆ. ಟಿಬಿನೂ ಇರಬಹುದು. ಎಷ್ಟು ಬಂತು?”

“ಹದಿನಾರು ಪಾಯಿಂಟ್ ಒಂಬತ್ತು ಎಂಟು, ಸರ್.”

“ಪಟ್ಟಿಗೆ ಸೇರಿಸಿ.”

“ಬರೀ ಸೊನ್ನೆ ಪಾಯಿಂಟ್ ಸೊನ್ನೆ ಎರಡು, ಸರ್.”

ಅವರು ಕನ್ನಡಕದ ಮೇಲಿಂದ ನೋಡಿದರು. “ಗೆರೆ ಅಂದ್ರೆ ಗೆರೆ ಅಲ್ವೇನಮ್ಮಾ?”

ಗೆರೆ ಅಂದರೆ ಗೆರೆ. ಈ ಮಾತನ್ನು ಎಲ್ಲರಿಗೂ ಹೇಳಿಕೊಡುವವಳು ನಾನೇ. ಆದರೂ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಕಾರ್ಡು ತೆಗೆದು ರಬ್ಬರನ್ನು ಐವತ್ತೈದರ ಪಕ್ಕ ಇಟ್ಟೆ. ಮೊದಲ ಐದನ್ನು ಮುಟ್ಟುವುದೂ ಬೇಡ, ಎರಡನೆಯ ಐದನ್ನು ಆರು ಮಾಡಿದರೆ ಮುಗಿಯಿತು. ಅವನು ಇಲ್ಲೇ ಇರುತ್ತಾನೆ.

ಆದರೆ ನಿಜವಾಗಿಯೂ ಟಿಬಿ ಇದ್ದರೆ? ಆ ಎತ್ತರದ ಕ್ರೇನಿನಲ್ಲಿ ತಲೆಸುತ್ತು ಬಂದರೆ?  ರಬ್ಬರನ್ನು ಡ್ರಾಯರಿನೊಳಗೆ ಎಸೆದೆ.

ಸಂಜೆ ಮನೆಗೆ ಬಂದರೆ ಅಮ್ಮನ ಕೈಯಲ್ಲಿ ಬೆಂಗಳೂರಿನ ಕಾಗದ. ಬ್ಯಾಂಕಿನ ಹುಡುಗ ಐದು ಅಡಿ ಆರು. ಮುಂದಿನ ತಿಂಗಳು ಬರುತ್ತಾರಂತೆ.

“ಕೂತೇ ಇರ್ತೀಯಲ್ಲ?” ಅಂದರು ಅಮ್ಮ.

“ಜೀವನ ಪೂರ್ತಿ ಕೂತಿರ್ಲಾ?” ಅಂತ ಕಿರುಚಿದೆ. ಅಮ್ಮನ ಕೈಯಿಂದ ಕಾಗದ ಬಿತ್ತು. ನಾಣಿ ನೀರಿನ ಟ್ಯಾಂಕಿನ ಜೋಕು ಮಾಡಲಿಲ್ಲ.

*

ಶುಕ್ರವಾರ ಆಫೀಸಿಗೆ ಚೀಟಿ ಬರೆದಿಟ್ಟು ಸೈಟಿಗೆ ಹೋದೆ. ಯಾರೂ ಕಳಿಸಿರಲಿಲ್ಲ, ನಾನೇ ಹೋದೆ. ದಾರಿಯುದ್ದಕ್ಕೂ ಅವನನ್ನು ಬೈಯಲು ಮಾತು ಜೋಡಿಸಿಕೊಂಡೆ. ಡಜನ್ ಬಾಳೆಹಣ್ಣನ್ನೂ ಕೊಂಡೆ.

ಸೈಟಿನ ಪಕ್ಕದಲ್ಲಿ ಖಾನಾವಳಿ ಇಟ್ಟಿದ್ದ ದೇವಕ್ಕ, ಚಂದ್ರಾಮನ ಊರ ಕಡೆಯವಳು, ರೊಟ್ಟಿ ಬಡಿಯುತ್ತಿದ್ದಳು.

“ದೇವಕ್ಕಾ, ನಿಜ ಹೇಳಿ. ಚಂದ್ರಾಮ ಊಟ ಮಾಡ್ತಾರಾ ಇಲ್ವಾ? ಕೆಮ್ಮು ಏನಾದ್ರೂ ಇದೆಯಾ?”

“ಕೆಮ್ಮು? ಅಂವಗ?” ದೇವಕ್ಕ ನಕ್ಕಳು. “ಏ ತಂಗಿ, ಎಂಟು ರೊಟ್ಟಿ ತಿಂದು ಮತ್ತ ಅನ್ನಕ್ಕ ತಾಟ ಚಾಚಾಂವ ಅಂವಾ. ಆದ್ರ ನೀವು ಬರೂದು ಹದಿನೈದು ದಿನ ಐತಿ ಅನ್ನೂದ್ರಾಗ ಏನ್ ಹುಚ್ಚ ಹಿಡೀತೈತೋ, ಎರಡ ರೊಟ್ಟಿ ತಿಂದು ಎದ್ದು ಹೋಗ್ತಾನ. ಯಾಕೋ ಅಂದ್ರ ಬಾಯಿ ಬಿಡಾಂಗಿಲ್ಲ.”

ನಾನು ಬರುವ ಮುಂಚೆ ಹದಿನೈದು ದಿನ! ನನಗೆ ಅರ್ಥವಾಗಲಿಲ್ಲ. “ಎಲ್ಲಿದ್ದಾರೆ ಈಗ?”

“ಊಟದ ಹೊತ್ತಾತು, ಇಳಿದ ಬರ್ತಾನ ನೋಡು.”

ಹೊರಗೆ ಬಂದು ತಲೆ ಎತ್ತಿದೆ. ಕ್ರೇನಿನ ಏಣಿಯಲ್ಲಿ ಒಬ್ಬ ಇಳಿಯುತ್ತಿದ್ದ. ಬರಿದಲೆ. ಗಾಳಿಗೆ ಕೂದಲು ಹಾರುತ್ತಿತ್ತು. ಯಾರೋ ಬೇರೆಯವರು ಅಂದುಕೊಂಡೆ. ಅವನು ಅರ್ಧ ಇಳಿದು ಕೆಳಗೆ ನೋಡಿದ. ನನ್ನ ಹಸಿರು ಸೀರೆ ಕಂಡಿತೇನೋ. ಒಂದು ಕ್ಷಣ ನಿಂತವನು ಗಕ್ಕನೆ ತಿರುಗಿ ಮತ್ತೆ ಮೇಲೆ ಹತ್ತತೊಡಗಿದ! ಆ ಹತ್ತುವ ಆತುರದಲ್ಲಿ ಗುರುತು ಸಿಕ್ಕಿತು.

“ದೇವಕ್ಕಾ, ಅದು ಚಂದ್ರಾಮ ತಾನೇ? ನನ್ನ ನೋಡಿ ಯಾಕೆ ಓಡಿದ್ರು? ರುಮಾಲು ಎಲ್ಲಿ ಅವರದು?”

“ಯಾವ ರುಮಾಲ?” ದೇವಕ್ಕ ಹಿಟ್ಟಿನ ಕೈ ಒರೆಸುತ್ತ ಬಂದಳು. “ಅಂವಾ ಎಂದ ಸುತ್ತ್ಯಾನ ರುಮಾಲ? ನೀವು ಬರೂ ದಿನ ಅಷ್ಟ. ಮುಂಜಾನೆ ನನ್ನ ಕನ್ನಡಿ ಇಸ್ಕೊಂಡು ಅರ್ಧ ತಾಸು ಸುತ್ತತಾನ. ಏನೋ ಮದಿಮಗಾ, ಎಲ್ಲಿಗೆ ಹೊಂಟಿ ಅಂದ್ರ ನಾಚತಾನ.”

 ಮೊದಲ ದಿನ ಕಣ್ಣ ಮುಂದೆ ಬಂತು. ಚಪ್ಪಲಿ ಬಿಚ್ಚಿ ಅಂದಿದ್ದೆ. ತಲೆ ಮೇಲಿನದು ತೆಗೀರಿ ಅನ್ನುವುದು ಗಂಟಲಲ್ಲೇ ಉಳಿದಿತ್ತು. ಕೋಲು ಕೂತದ್ದು ಅವನ ತಲೆಯ ಮೇಲಲ್ಲ, ರುಮಾಲಿನ ಮೇಲೆ. ನೂರ ಇಪ್ಪತ್ತೈದು ಜನರ ಟೋಪಿ ತೆಗೆಸಿದವಳು, ಒಬ್ಬನ ಮದುವೆ ರುಮಾಲಿನ ಸಮೇತ ಅಳತೆ ಬರೆದು, ಹದಿನೈದು ತಿಂಗಳಿಂದ ಅದೇ ಎತ್ತರದಿಂದ ಭಾಗಿಸುತ್ತ ಕೂತಿದ್ದೆ.

“ಚಂದ್ರಾಮಾ!” ಅಂತ ಕೂಗಿದೆ. ನಾರಿಮನ್ ಪಾಯಿಂಟಿನ ಸಮುದ್ರದ ಗಾಳಿಯನ್ನೂ ಮೀರಿ ಕೂಗಿದೆ. ಸಿಮೆಂಟು ಹೊರುವವರೆಲ್ಲ ತಿರುಗಿ ನೋಡಿದರು. “ಇಳೀರಿ ಕೆಳಗೆ! ಇಳೀದಿದ್ರೆ ನಾನೇ ಹತ್ತಿ ಬರ್ತೀನಿ!”

ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದನ್ನು ನೋಡಿ ಹೆದರಿದನೇನೋ, ಇಳಿದ. ಇಳಿಯುವಷ್ಟರಲ್ಲಿ ಕೊರಳಿನ ಟವೆಲ್ಲು ತಲೆಗೇರಿ ಗೋಪುರವಾಗಿತ್ತು. ನಗು ಬಂತು, ಅಳುವೂ ಬಂತು, ಎರಡನ್ನೂ ಕೋಪದಲ್ಲಿ ಮುಚ್ಚಿಕೊಂಡೆ.

“ಶೆಡ್ಡಿಗೆ ಬನ್ನಿ.”

“ಮೊನ್ನೆ ತೂಕ ಆತಲ್ರಿ.”

“ಬನ್ನಿ ಅಂದ್ರೆ ಬನ್ನಿ.”

ಶೆಡ್ಡಿನಲ್ಲಿ ಮೆಷಿನ್ನು ಬಟ್ಟೆ ಹೊದ್ದು ನಿಂತಿತ್ತು. ಬಟ್ಟೆ ತೆಗೆದೆ. ಅವನು ಚಪ್ಪಲಿ ಬಿಚ್ಚಿ ಹಲಗೆ ಹತ್ತಿದ.

“ಟವೆಲ್ ತೆಗೀರಿ.”

“ಇಲ್ರಿ ಬಾಯಾರ. ನಮ್ಮ ಕಡೆ ಗಂಡಸರು ಮಂದಿ ಮುಂದ ತಲಿ ಮ್ಯಾಲಿಂದ ತೆಗ್ಯಾಂಗಿಲ್ಲ. ಮನಿಯೊಳಗ ಅಷ್ಟ, ಮನಿ ಮಂದಿ ಮುಂದ ಅಷ್ಟ.”

“ನಿಮ್ಮ ಕಡೆಯ ಮೂವತ್ತು ಜನ ನನ್ನ ಮುಂದೆ ತೆಗೆದಿದ್ದಾರೆ. ದೇವಕ್ಕ ಎಲ್ಲ ಹೇಳಿದ್ರು.”

ಅವನು ತಲೆ ತಗ್ಗಿಸಿದ. ಕಿವಿ ಕೆಂಪಾದವು. “ದೇವಕ್ಕನ ಬಾಯಿ ಸುಡ್ಲಿ,” ಅಂತ ಗೊಣಗಿದ.

“ನಾಳೆ ಪಟ್ಟಿ ಹೋಗುತ್ತೆ, ಚಂದ್ರಾಮ. ಹದಿನೇಳಕ್ಕಿಂತ ಕೆಳಗಿದ್ರೆ ನಿಮ್ಮನ್ನ ಊರಿಗೆ ಕಳಿಸ್ತಾರೆ. ಗೊತ್ತಾ ನಿಮಗೆ?”

ಗೊತ್ತಿರಲಿಲ್ಲ. ಮುಖದ ಬಣ್ಣ ಇಳಿಯಿತು.  ಆಮೇಲೆ ಕೈ ಎತ್ತಿ, ನಿಧಾನವಾಗಿ, ಟವೆಲ್ಲು ಬಿಚ್ಚಿದ. ಬಿಚ್ಚಿ ಎದೆಗೆ ಹಿಡಿದುಕೊಂಡ. ಕೂದಲು ಒಂದು ಕಡೆ ಎದ್ದು ನಿಂತಿತ್ತು. ಹುಡುಗನ ತಲೆಯ ಹಾಗಿತ್ತು. ಸರಿಮಾಡಬೇಕು ಅಂತ ನನ್ನ ಕೈ ತಾನಾಗಿ ಎದ್ದಿತು. ಎದ್ದ ಕೈಯಿಂದ ಕೋಲು ಇಳಿಸಿದೆ.

ಕೋಲು ಇಳಿಯಿತು, ಇಳಿಯಿತು, ಇಳಿದೇ ಇಳಿಯಿತು.

ನೂರ ಎಪ್ಪತ್ತೊಂದು.

“ಎಷ್ಟ್ರಿ?” ಅವನ ದನಿ ಸಣ್ಣಗಿತ್ತು.

“ಒಂಬತ್ತು ಸೆಂಟಿಮೀಟರ್ ಕಮ್ಮಿ.”

“ಅವತ್ತು ನೀವು ‘ಚೆನ್ನಾಗಿ ಎತ್ತರ ಇದ್ದೀರಿ’ ಅಂದ್ರಿ,” ಅಂದ. “ಇಷ್ಟ ದಿನದಾಗ ನನಗ ಯಾರೂ ಹಂಗ ಅಂದಿದ್ದಿಲ್ಲ. ನೀವು ನೋಡಿದ್ರ ಅಷ್ಟ ಉದ್ದ. ನಿಮ್ಮ ಮುಂದ ಹ್ಯಾಂಗ್ರಿ ಗಿಡ್ಡ ಆಗಿ ನಿಲ್ಲೂದು? ಅದಕ್ಕ ಸುತಗೊಂಡ್ನಿ.”

“ಮತ್ತೆ ಊಟ? ಊಟ ಯಾಕೆ ಬಿಟ್ರಿ?”

ಅವನು ಟವೆಲ್ಲಿನ ಅಂಚು ಮಡಿಸತೊಡಗಿದ.

“ಹೇಳಿ!”

“ನಂಬರ್ ಏರಿದ್ರ ನೀವು ‘ಆಯ್ತು, ಹೋಗಿ’ ಅಂತೀರಿ,” ಅಂದ. “ಧರ್ಮಣ್ಣಗ ಅಂದ್ರಿ, ಖಂಡಪ್ಪಗ ಅಂದ್ರಿ. ಅವರಿಗೇನು, ಹೋದ್ರು. ನಂಬರ್ ಇಳಿದ್ರ ಕುಂಡ್ರಸಿ ಕೇಳ್ತೀರಿ, ಏನ್ ತಿಂದ್ರಿ, ಯಾಕ್ ತಿನ್ಲಿಲ್ಲ ಅಂತ. ಈ ಮುಂಬೈದಾಗ ನನಗ ಹಂಗ ಯಾರ್ ಕೇಳ್ತಾರ್ರಿ? ಆ ಅರ್ಧ ತಾಸಿಗೆ ಹದಿನೈದು ದಿನ ಅರೆಹೊಟ್ಟಿ ಅಂದ್ರ ಹೆಚ್ಚೇನಲ್ರಿ.”

ಟವೆಲ್ಲನ್ನು ಅವನ ಕೈಯಿಂದ ಇಸಿದುಕೊಂಡೆ. ತಿರುಗಿ ನಿಂತು ಗುಂಡು ಸರಿಸಿದೆ. ರುಮಾಲಿಲ್ಲದ ತೂಕ ಐವತ್ತನಾಲ್ಕೂವರೆ. ಅಂದರೆ ತೂಕದಲ್ಲೂ ಮೋಸ, ಅರ್ಧ ಕಿಲೋ ಬಟ್ಟೆ! ಅಂಕಿ ಸೊಟ್ಟಗೆ ಬಿದ್ದವು. ಒಂದು ಪಾಯಿಂಟ್ ಏಳು ಒಂದು, ಅದನ್ನು ಅದರಿಂದಲೇ ಗುಣಿಸಿ, ಭಾಗಿಸಿ. ಹದಿನೆಂಟು ಪಾಯಿಂಟ್ ಆರು ನಾಲ್ಕು. ಮತ್ತೆ ಮಾಡಿದೆ. ಹದಿನೆಂಟು ಪಾಯಿಂಟ್ ಆರು ನಾಲ್ಕು!

“ಇಳೀರಿ,” ಅಂದೆ. ಅಳು ಬಂದೇಬಿಟ್ಟಿತ್ತು. “ಇಳೀರಿ, ನೀವೆಲ್ಲಿಗೂ ಹೋಗಬೇಕಾಗಿಲ್ಲ.”

ಅವನು ಹಲಗೆಯಿಂದ ಇಳಿದ. ಇಳಿದು ನನ್ನ ಎದುರಿಗೆ ನಿಂತ. ಆಗ ಹೊಳೆಯಿತು, ಹದಿನೈದು ತಿಂಗಳಲ್ಲಿ ನಾವಿಬ್ಬರೂ ಒಂದೇ ನೆಲದ ಮೇಲೆ ಹೀಗೆ ಎದುರುಬದುರು, ಕಣ್ಣಿಗೆ ಕಣ್ಣು ಕೊಟ್ಟು ನಿಂತೇ ಇರಲಿಲ್ಲ. ಅವನು ಹಲಗೆಯ ಮೇಲಿರುತ್ತಿದ್ದ, ಇಲ್ಲವೇ ನಾನು ಕುರ್ಚಿಯಲ್ಲಿರುತ್ತಿದ್ದೆ. ಅವನ ಕಣ್ಣು ನನ್ನ ಕಣ್ಣಿಗೆ ನೇರ ಇತ್ತು. ಮೇಲೂ ನೋಡಬೇಕಿಲ್ಲ, ಕೆಳಗೂ ನೋಡಬೇಕಿಲ್ಲ.

“ನಮ್ಮಮ್ಮ ನನ್ನನ್ನ ಎರಡಿಂಚು ಕಡಿಮೆ ಮಾಡಿ ಬರೀತಾರೆ,” ಅಂದೆ ಕಣ್ಣೊರೆಸಿಕೊಳ್ಳುತ್ತ. “ನೀವು ನಿಮ್ಮನ್ನ ಮೂರೂವರೆ ಇಂಚು ಜಾಸ್ತಿ ಮಾಡ್ಕೊಂಡಿದ್ದೀರಿ. ಒಳ್ಳೆ ಜನ.”

ಅವನು ನಕ್ಕ. ನಕ್ಕಾಗ ರುಮಾಲಿಲ್ಲದ ಹಣೆಯಲ್ಲಿ ಮೂರು ಗೆರೆ ಮೂಡಿದವು. ಅವನ್ನು ನಾನು ಅವತ್ತೇ ಮೊದಲು ನೋಡಿದ್ದು.

ಬಾಳೆಹಣ್ಣಿನ ಚಿಪ್ಪನ್ನು ಅವನ ಕೈಗೆ ತುರುಕಿದೆ. “ನಾಳೆ ಸಂಜೆ ಆರಕ್ಕೆ ಮಾಟುಂಗ ರೋಡ್ ಸ್ಟೇಷನ್ನಿಗೆ ಬನ್ನಿ. ಡಾಕ್ಟರು ಏನಂದ್ರು ಹೇಳ್ತೀನಿ. ತಲೆ ಮೇಲೆ ಏನೂ ಇರಬಾರದು.”

*

ಶನಿವಾರ ಬೆಳಿಗ್ಗೆ ಕಾರ್ಡನ್ನು ಡಾಕ್ಟರ ಮೇಜಿನ ಮೇಲಿಟ್ಟೆ. ಹಳೆಯ ನೂರ ಎಂಬತ್ತನ್ನು ಅಳಿಸಿರಲಿಲ್ಲ. ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ನೂರ ಎಪ್ಪತ್ತೊಂದು ಬರೆದು, ಸಹಿ ಹಾಕಿದ್ದೆ.

“ಒಂಬತ್ತು ಸೆಂಟಿಮೀಟರ್!” ಡಾಕ್ಟರು ಕನ್ನಡಕ ತೆಗೆದರು. “ಯಾರು ಅಳೆದಿದ್ದು?”

“ನಾನೇ, ಸರ್. ರುಮಾಲು ತೆಗೆಸಲಿಲ್ಲ.”

“ಉಳಿದವರದ್ದು?”

“ಎಲ್ಲರದ್ದೂ ತೆಗೆಸಿದೆ. ಇವರೊಬ್ಬರದ್ದೇ ಇಲ್ಲ.”

“ಯಾಕೆ?”

ಸುಳ್ಳು ಹೇಳಬಹುದಿತ್ತು. ಮೊದಲ ದಿನ, ಗಡಿಬಿಡಿ, ಜನ ಜಾಸ್ತಿ ಅಂತ. ಆದರೆ ಅವನು ನನ್ನ ಮುಂದೆ ಟವೆಲ್ಲು ಬಿಚ್ಚಿ ನಿಂತದ್ದು ಕಣ್ಣಿಗೆ ಕಟ್ಟಿತ್ತು.

“ಸ್ಕೇಲು ನೋಡೋ ಬದಲು ಅವರ ಮುಖ ನೋಡ್ತಿದ್ದೆ, ಸರ್.”

ಪ್ರಫುಲ್ಲಾಳ ಟೈಪ್‌ರೈಟರು ನಿಂತಿತು.  ಡಾಕ್ಟರು ಕನ್ನಡಕವನ್ನು ಒರೆಸಿದರು, ಬೆಳಕಿಗೆ ಹಿಡಿದರು, ಮತ್ತೆ ಒರೆಸಿದರು.

“ಅಳೆಯೋರಿಗೆ ಪಕ್ಷಪಾತ ಇರಬಾರದು ಕೌಸಲ್ಯಾ.”

“ಗೊತ್ತು, ಸರ್.”

“ಇದೆಯಾ?”

“ಇದೆ, ಸರ್.”

ಕೆಲಸ ಹೋಯಿತು ಅಂದುಕೊಂಡೆ. ಅವರು ಪಟ್ಟಿ ತೆಗೆದು ಚಂದ್ರಾಮನ ಹೆಸರನ್ನು ಹೊಡೆದು ಹಾಕಿದರು. ಆಮೇಲೆ ಅವನ ಕಾರ್ಡನ್ನು ನನ್ನ ಕಟ್ಟಿನಿಂದ ಎತ್ತಿ ಪ್ರಫುಲ್ಲಾಳ ಮೇಜಿಗೆ ದಾಟಿಸಿದರು. “ಸೋಮವಾರದಿಂದ ನೂರ ಇಪ್ಪತ್ತಾರು ಜನರ ಎತ್ತರನೂ ಮತ್ತೆ ಅಳೀಬೇಕು. ನೂರ ಇಪ್ಪತ್ತೈದು ನೀವು, ಒಂದು ಪ್ರಫುಲ್ಲಾ. ಈ ಕಾರ್ಡನ್ನ ಇನ್ನು ಮೇಲೆ ನೀವು ಮುಟ್ಟೋ ಹಾಗಿಲ್ಲ. ಪ್ರಶ್ನೆ ಕೇಳೋ ಹಾಗೂ ಇಲ್ಲ.”

“ಸರಿ, ಸರ್.”

“ಮತ್ತೆ, ಹೊಟ್ಟೆ ತುಂಬ ತಿನ್ನೋಕೆ ಹೇಳಿ ಅವನಿಗೆ. ಹದಿನೆಂಟೂವರೆನೂ ಏನು ಮಹಾ ಅಲ್ಲ.” ಮುಖ ಗಂಟಿಕ್ಕಿಕೊಂಡೇ ಇದ್ದರು. ಗ್ರಾಫ್ ಹಾಳೆ ಮಾತ್ರ ತಲೆಕೆಳಗಾಗಿ ಹಿಡಿದಿದ್ದರು.

*

ಐದೂವರೆಗೇ ಮಾಟುಂಗ ರೋಡ್ ಪ್ಲಾಟ್‌ಫಾರಮ್ಮಿನಲ್ಲಿದ್ದೆ. ಚರ್ಚ್‌ಗೇಟಿನಿಂದ ಬಂದ ಒಂದೊಂದು ಲೋಕಲ್ಲೂ ಜನರನ್ನು ಸುರಿದು ಹೋಯಿತು. ಆರಾಯಿತು. ಆರೂ ಹತ್ತಾಯಿತು. ಗಿಡ್ಡ ಅಂತ ನಾಚಿ ಬರುವುದಿಲ್ಲವೇನೋ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದೆ. ಅತ್ತ ನಡೆದೆ, ಇತ್ತ ನಡೆದೆ. ಕಡಲೆಕಾಯಿ ಮಾರುವವನು ಎರಡು ಸಲ ನನ್ನ ಮುಖ ನೋಡಿದ.

ಆರೂ ಕಾಲಿನ ಬೊರಿವಲಿ ಗಾಡಿಯಿಂದ ಇಳಿದ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಎಣ್ಣೆ ಹಚ್ಚಿ ಬಾಚಿದ ತಲೆ. ತಲೆಯ ಮೇಲೆ ಏನೂ ಇಲ್ಲ. ಮಾಟುಂಗದ ಆ ಜನಸಂದಣಿಯಲ್ಲಿ, ಎಲ್ಲರ ಮುಂದೆ, ಬರಿದಲೆಯಲ್ಲಿ ನನ್ನ ಹತ್ತಿರ ನಡೆದು ಬಂದ.

“ಡಾಕ್ಟರ್ ಏನಂದ್ರು?”

“ಪಟ್ಟಿಯಿಂದ ಹೆಸರು ಹೊಡೆದು ಹಾಕಿದ್ರು. ಕ್ರೇನು ನಿಮ್ಮದೇ.”

ಅವನು ಉಸಿರು ಬಿಟ್ಟ. ಬಿಟ್ಟ ಉಸಿರು ಅರ್ಧಕ್ಕೇ ನಿಂತಿತು, ನನ್ನ ಮುಖ ನೋಡಿ. “ಮತ್ತೇನೋ ಐತಿ. ಹೇಳ್ರಿ.”

“ನಿಮ್ಮ ಕಾರ್ಡು ನನ್ನ ಕೈಯಿಂದ ಹೋಯ್ತು. ಇನ್ನು ಪ್ರಫುಲ್ಲಾ ತೂಕ ನೋಡ್ತಾಳೆ. ನಾನು ನಿಮ್ಮನ್ನ ಕೂರಿಸಿಕೊಂಡು ಪ್ರಶ್ನೆ ಕೇಳೋ ಹಾಗಿಲ್ಲ.”

“ಯಾಕ?”

“ಅವತ್ತು ಸ್ಕೇಲ್ ನೋಡಲಿಲ್ಲ, ನಿಮ್ಮನ್ನ ನೋಡ್ತಿದ್ದೆ ಅಂತ ಹೇಳಿಬಿಟ್ಟೆ. ಇವತ್ತಿಗೂ ನಿಮ್ಮ ಕಡೆ ಪಕ್ಷಪಾತ ಇದೆ ಅಂತ ಒಪ್ಪಿಕೊಂಡೆ.”

ಗಾಡಿ ಹೊರಟಿತು. ಅವನ ಕಣ್ಣು ತುಂಬಿಕೊಂಡಿತ್ತು. ಆಮೇಲೆ, ಕಳೆದುಕೊಂಡವನ ಹಾಗೆ, ಕೇಳಿದ: “ಹಂಗಾರ ಇನ್ನ ಮ್ಯಾಲ ನನ್ನ ಊಟ ಆತೇನು ಅಂತ ಯಾರ್ರಿ ಕೇಳಾವ್ರು?”

ಸ್ಟೇಷನ್ನಿನ ಸೇತುವೆಯ ಆಚೆ, ನಮ್ಮ ಉಡುಪಿ ಹೋಟೆಲ್ಲಿನ ಸಾರಿನ ವಾಸನೆ ಇಲ್ಲಿಯವರೆಗೂ ಬರುತ್ತಿತ್ತು. ಅದರ ಮುಂದಿನ ಗಲ್ಲಿಯಲ್ಲಿ ನಮ್ಮ ಬಿಲ್ಡಿಂಗು. ಬಾಲ್ಕನಿಯಲ್ಲಿ ಈ ಹೊತ್ತಿಗೆ ಅಮ್ಮ ನಿಂತಿರುತ್ತಾರೆ. ನೋಡಲಿ. ಇಬ್ಬರೂ ಎದ್ದು ನಿಂತೇ, ಒಂದೇ ಎತ್ತರದಲ್ಲಿ, ಆ ರಸ್ತೆಯಲ್ಲಿ ನಡೆದು ಹೋಗುತ್ತೇವೆ. ಬೆಂಗಳೂರಿಗೆ ಬರೆಯುವ ಕಾಗದವನ್ನು ಇವತ್ತು ನಾನೇ ಬರೆಯುತ್ತೇನೆ, ಐದು ಅಡಿ ಏಳು ಅಂತ, ದಯವಿಟ್ಟು ಬರಬೇಡಿ ಅಂತ.

“ಬೆಳಿಗ್ಗೆ ಏನು ತಿಂದೆ?” ಅಂತ ಕೇಳಿದೆ.

“ಎಂಟು ರೊಟ್ಟಿ.”

“ಮಧ್ಯಾಹ್ನ?”

“ಏನೂ ಇಲ್ಲ.”

“ಯಾಕೆ?”

“ನೀವು ಕೇಳ್ತೀರೋ ಇಲ್ಲೋ ನೋಡೂಣು ಅಂತ.”

“ಥೂ ನಿನ್ನ!” ಅಂದೆ. ಅವನ ಕೂದಲು ಎಣ್ಣೆ ಹಚ್ಚಿದ್ದರೂ ಒಂದು ಕಡೆ ಎದ್ದು ನಿಂತಿತ್ತು. ಈ ಸಲ ಕೈಯನ್ನು ತಡೆಯಲಿಲ್ಲ, ಎಲ್ಲರ ಮುಂದೆಯೇ ಅದನ್ನು ಸರಿಮಾಡಿದೆ. “ನಡಿ, ಊಟ ಮಾಡೋಣ.”